ವ್ರತವನ್ನು ಹೇಳಿಕೊಳ್ಳದೆ, ಸುಳ್ಳನ್ನೂ ಹೇಳದೆ, ಸ್ಟಾಫ್ ರೂಮಿನಲ್ಲಿ ಎಲ್ಲರೊಡನೆ ಇರುವುದು ಹೇಗೆ?

ಪ್ರಶ್ನೆ: ಕುಂಬಳೆ ಮಾಷ್ಟ್ರು

ಕಾಸರಗೋಡು ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೆ ಸಮಾಜ ವಿಜ್ಞಾನ ಕಲಿಸುತ್ತಿದ್ದೇನೆ. ನಮ್ಮ ಸ್ಟಾಫ್ ರೂಮಿನಲ್ಲಿ ಕನ್ನಡ, ಮಲಯಾಳ, ತುಳು, ಬ್ಯಾರಿ, ಕೊಂಕಣಿ ಎಲ್ಲವೂ ಒಂದೇ ಮೇಜಿನ ಸುತ್ತ ನಡೆಯುತ್ತವೆ. ಹನ್ನೊಂದು ಗಂಟೆಯ ಚಹಾ, ಮಧ್ಯಾಹ್ನದ ಬುತ್ತಿ, ಯಾರದಾದರೂ ಹುಟ್ಟುಹಬ್ಬದ ಲಡ್ಡು, ಎಲ್ಲವನ್ನೂ ಹಂಚಿಕೊಂಡೇ ತಿನ್ನುವ ವಾಡಿಕೆ ನಮ್ಮದು.

ಮೂರು ವರ್ಷಗಳಿಂದ ನಾನು ಏಕಾದಶಿಯ ಉಪವಾಸವನ್ನೂ ಚಾತುರ್ಮಾಸ್ಯದ ವ್ರತಗಳನ್ನೂ ಹಿಡಿದಿದ್ದೇನೆ. ತಿಳಿಯದವರಿಗಾಗಿ ಹೇಳುತ್ತೇನೆ: ಆಷಾಢದ ಶುಕ್ಲ ಏಕಾದಶಿಯಿಂದ ಕಾರ್ತಿಕದ ಶುಕ್ಲ ಏಕಾದಶಿಯ ತನಕದ ನಾಲ್ಕು ತಿಂಗಳಲ್ಲಿ ಮೊದಲ ತಿಂಗಳು ತರಕಾರಿಯನ್ನು, ಎರಡನೆಯ ತಿಂಗಳು ಮೊಸರನ್ನು, ಮೂರನೆಯ ತಿಂಗಳು ಹಾಲನ್ನು, ನಾಲ್ಕನೆಯ ತಿಂಗಳು ಬೇಳೆಕಾಳುಗಳನ್ನು ಬಿಡುವುದು ಕ್ರಮ. ಯಾರೂ ಒತ್ತಾಯಿಸಿದ್ದಲ್ಲ. ಮನೆಯಲ್ಲಿ ಹೆಂಡತಿ ಮಕ್ಕಳು ಇದನ್ನು ಮಾಡುವುದಿಲ್ಲ, ಮಾಡಬೇಕೆಂದು ನಾನು ಹೇಳಿದವನೂ ಅಲ್ಲ. ನನಗೂ ದೇವರಿಗೂ ನಡುವಿನ ಸಣ್ಣ ಲೆಕ್ಕ ಅದು, ಅಲ್ಲಿಯೇ ಇರಲಿ ಎಂಬುದು ನನ್ನ ಆಸೆ.

ಮೊದಲ ವರ್ಷ ಕೇಳಿದವರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟೆ. ಆಮೇಲೆ ಯಾರು ಸಿಹಿ ತಂದರೂ, "ಮಾಷ್ಟ್ರಿಗೆ ಕೊಡಬೇಡಿ, ಅವರು ಸ್ವಾಮಿಗಳಾಗಿದ್ದಾರೆ" ಎಂದು ಯಾರಾದರೊಬ್ಬರು ಗಟ್ಟಿಯಾಗಿ ಹೇಳುವುದು, ಉಳಿದವರು ನಗುವುದು ದಿನಚರಿಯಾಯಿತು. ನಗುವುದನ್ನು ತಡೆದುಕೊಳ್ಳಬಹುದಿತ್ತು. ಆದರೆ ಕೆಲವರು ನಿಜವಾಗಿಯೂ ಗೌರವ ಕೊಡತೊಡಗಿದರು, ಕಿರಿಯ ಟೀಚರುಗಳು ನಾನು ಬಂದರೆ ಮಾತು ತಗ್ಗಿಸತೊಡಗಿದರು, ಮತ್ತು ಒಪ್ಪಿಕೊಳ್ಳಲು ನಾಚಿಕೆಯಾದರೂ ಹೇಳುತ್ತೇನೆ, ಆ ಮರ್ಯಾದೆ ನನಗೆ ಹಿತವಾಗತೊಡಗಿತು. ಹಸಿವನ್ನು ಬಿಟ್ಟು ಅದರ ಜಾಗದಲ್ಲಿ ಇನ್ನೇನನ್ನೋ ತಿನ್ನುತ್ತಿದ್ದೇನೆ ಎಂದು ಅನಿಸಿ, ಎರಡನೆಯ ವರ್ಷದಿಂದ ಏಕಾದಶಿಯ ದಿನ "ಹೊಟ್ಟೆ ಸರಿಯಿಲ್ಲ" ಎನ್ನುವುದನ್ನು ಅಭ್ಯಾಸ ಮಾಡಿಕೊಂಡೆ.

ಕಳೆದ ತಿಂಗಳು ಹಾಗೆ ಹೇಳಿದಾಗ ನಮ್ಮ ಮಲಯಾಳಂ ಟೀಚರು ಏನೂ ಮಾತಾಡದೆ ಎದ್ದು ಹೋಗಿ, ಶಾಲೆಯ ಅಡುಗೆಕೋಣೆಯಲ್ಲಿ ಜೀರಿಗೆ ಕುದಿಸಿ, ಸ್ಟೀಲ್ ಲೋಟವನ್ನು ಸೆರಗಿನಲ್ಲಿ ಹಿಡಿದುಕೊಂಡು ತಂದು ನನ್ನ ಮುಂದಿಟ್ಟರು. ಮರುದಿನ ಬೆಳಿಗ್ಗೆ ಗೇಟಿನಲ್ಲಿಯೇ ನಿಲ್ಲಿಸಿ, ಈಗ ಹೇಗಿದೆ ಎಂದು ಕೇಳಿದರು. ನನಗೆ ಆ ಪ್ರಶ್ನೆಗೆ ಇನ್ನೊಂದು ಸುಳ್ಳು ಹೇಳಬೇಕಾಯಿತು.

ಈಗ ಓಣಂ ಬರುತ್ತಿದೆ. ಓಣಂನ ಮುಖ್ಯ ದಿನವಾದ ಸಿಂಹ ಮಾಸದ ತಿರುವೋಣಂ ಅನೇಕ ವರ್ಷ ಭಾದ್ರಪದ ಶುಕ್ಲ ದ್ವಾದಶಿಯ ಆಸುಪಾಸಿಗೇ ಬೀಳುತ್ತದೆ. ಶಾಲೆಯ ಸದ್ಯ, ಅಂದರೆ ಎಲೆಯಲ್ಲಿ ಬಡಿಸುವ ಓಣಂ ಊಟ, ಒಂದೆರಡು ದಿನ ಮುಂಚೆ ನಡೆಯುವುದರಿಂದ ಈ ಸಲ ಅದು ಸರಿಯಾಗಿ ಏಕಾದಶಿಯ ದಿನಕ್ಕೇ ಬಂದಿದೆ. ಅಲ್ಲಿಂದಾಚೆಗೆ ಒಂದು ತಿಂಗಳು ಹಾಲು ಬಿಡುವ ವ್ರತ. ಆ ಊಟಕ್ಕೆ ಹೋಗದೆ ರಜೆ ಹಾಕಿದರೆ ಅದಕ್ಕೂ ಕಾರಣ ಕೊಡಬೇಕು, ಹೋದರೆ ಎಲೆಯ ಮುಂದೆ ಕೂರಬೇಕು. ವ್ರತವನ್ನು ತೋರಿಸಿಕೊಳ್ಳದೆ, ಸುಳ್ಳು ಹೇಳದೆ, ಸ್ನೇಹವನ್ನೂ ಕೆಡಿಸಿಕೊಳ್ಳದೆ ಇಂಥ ದಿನಗಳನ್ನು ಕಳೆದವರು ಇಲ್ಲಿ ಇದ್ದರೆ ದಯವಿಟ್ಟು ಹೇಳಿ.


ಉತ್ತರ: ಪೆರ್ಲದ ನಿವೃತ್ತ ಟೀಚರ್

ಮಾಷ್ಟ್ರೇ, ಸಂಸ್ಕೃತ ಕಲಿಸಿ ನಿವೃತ್ತಳಾದವಳು ನಾನು. ಆದ್ದರಿಂದ ಮೊದಲು ಶ್ಲೋಕ, ಆಮೇಲೆ ಅಡುಗೆಮನೆ. ಗೀತೆಯ 17ನೆಯ ಅಧ್ಯಾಯದಲ್ಲಿ ತಪಸ್ಸನ್ನು ಶರೀರದ್ದು, ಮಾತಿನದು, ಮನಸ್ಸಿನದು ಎಂದು ಮೂರು ಬಗೆಯಾಗಿ ಹೇಳಿದೆ. "ಅನುದ್ವೇಗಕರಂ ವಾಕ್ಯಂ ಸತ್ಯಂ ಪ್ರಿಯಹಿತಂ ಚ ಯತ್", ಅಂದರೆ ಕೇಳಿದವರ ಮನಸ್ಸನ್ನು ಕಲಕದ, ಸತ್ಯವಾದ, ಪ್ರಿಯವೂ ಹಿತವೂ ಆದ ಮಾತು ವಾಙ್ಮಯ ತಪಸ್ಸು. ನೀವು ಊಟ ಬಿಟ್ಟು ದೇಹವನ್ನು ಹದಕ್ಕೆ ತರಲು ಹೊರಟು, ಅದೇ ದಿನ ಮಾತಿನ ತಪಸ್ಸನ್ನು ಜೀರಿಗೆ ನೀರಿನಲ್ಲಿ ಮುಳುಗಿಸಿದ್ದೀರಿ. ಮೊದಲ ವರ್ಷದ ನಿಮ್ಮ ಅಳುಕಿಗೂ ಅಲ್ಲಿಯೇ ಉತ್ತರವಿದೆ: ಸತ್ಕಾರ, ಮಾನ, ಪೂಜೆಗಳಿಗಾಗಿ ಡಂಭದಿಂದ ಮಾಡುವ ತಪಸ್ಸು ರಾಜಸ, ಅದು ನಿಲ್ಲುವಂಥದ್ದಲ್ಲ ಎಂದು ಮೂರು ಶ್ಲೋಕ ದಾಟಿದರೆ ಸಿಗುತ್ತದೆ. ಹಾಗಾಗಿ ನಿಮ್ಮ ಸಂಕಟ ಎರಡೂ ಕಡೆಯಿಂದ ಸರಿಯಾದದ್ದೇ.

ಇನ್ನು ವ್ಯವಹಾರ. ನಮ್ಮ ಕಡೆ ಬೇಡ ಎಂದರೆ ಅದು ಸಂಕೋಚದ ಮಾತು ಎಂದೇ ಲೆಕ್ಕ. ಮೂರು ಸಲ ಒತ್ತಾಯ ಮಾಡದಿದ್ದರೆ ಕೊಡುವವರಿಗೇ ಸಮಾಧಾನವಿಲ್ಲ. ಕೊಡಲು ಚಾಚಿದ ಕೈ ಬರಿದಾಗಿ ಹಿಂದಕ್ಕೆ ಹೋಗುವುದು ಅವರಿಗೆ ನೋವಿನ ವಿಷಯವೇ ಹೊರತು, ನೀವು ಲಡ್ಡು ತಿನ್ನದಿರುವುದಲ್ಲ. ಆದ್ದರಿಂದ ಬೇಡ ಎನ್ನುವಾಗ ಬೇರೆ ಏನನ್ನಾದರೂ ಕೇಳಿ ತೆಗೆದುಕೊಳ್ಳಿ. "ಇವತ್ತು ಬೇಡ ಟೀಚರೇ, ಒಂದು ಲೋಟ ಬಿಸಿನೀರು ಕೊಡಿ" ಎಂದರೆ ಅವರ ಕೈಗೂ ಕೆಲಸವಾಯಿತು, ನಿಮ್ಮ ಮಾತಿನಲ್ಲಿ ಸುಳ್ಳೂ ಇಲ್ಲ. ಯಾಕೆ ಎಂದು ಕೇಳುವವರು ಹತ್ತರಲ್ಲಿ ಒಬ್ಬರು ಇರಬಹುದು, ಅವರಿಗೆ ನಕ್ಕು ಸುಮ್ಮನಾದರೆ ಸಾಕಾಗುತ್ತದೆ. ಲಡ್ಡುವನ್ನು ಕಾಗದದಲ್ಲಿ ಕಟ್ಟಿಕೊಂಡು ಮನೆಗೆ ಒಯ್ದು ಮಕ್ಕಳಿಗೆ ಕೊಡುವುದಾದರೆ ಹಾಗೆಂದು ಹೇಳಿಯೇ ತೆಗೆದುಕೊಳ್ಳಿ.

ಹಾಲು ಬಿಡುವ ತಿಂಗಳಿಗೆ ನಮ್ಮ ಜಿಲ್ಲೆಯಷ್ಟು ಅನುಕೂಲದ ಊರು ಇನ್ನೊಂದಿಲ್ಲ. ಕಟ್ಟನ್ ಚಾಯ ಎಂದರೆ ಇಲ್ಲಿ ಯಾರೂ ಹುಬ್ಬೇರಿಸುವುದಿಲ್ಲ. ಗಟ್ಟದ ಮೇಲಿನ ಊರಿನಲ್ಲಿ ಹಾಲಿಲ್ಲದ ಚಹಾ ಕೇಳಿದರೆ ಸಕ್ಕರೆ ಕಾಯಿಲೆಯೋ ಎಂದು ವಿಚಾರಿಸುತ್ತಾರೆ. ಪಾಯಸದಲ್ಲಿಯೂ ಹಾಲಿನ ಪಾಲಡ ಬಿಟ್ಟು, ತೆಂಗಿನ ಹಾಲಿನ ಅಡ ಪ್ರಥಮನ್ ಬಂದಾಗ ಎರಡು ಸೌಟು ಹಾಕಿಸಿಕೊಂಡರೆ ಯಾರಿಗೂ ಏನೂ ತಿಳಿಯದು. ಮೊಸರಿನ ತಿಂಗಳಲ್ಲಿ ನಮ್ಮ ಮನೆಯಲ್ಲಿ ಮಜ್ಜಿಗೆಗೆ ಅಡ್ಡಿಯಿರಲಿಲ್ಲ, ಆದ್ದರಿಂದ ಅದು ಸುಲಭ. ಕಷ್ಟವಿರುವುದು ತರಕಾರಿಯ ತಿಂಗಳು. ಆ ತಿಂಗಳು ಹೆಸರುಬೇಳೆಯ ತೊವ್ವೆಯನ್ನೋ ಹುರುಳಿಯ ಚಟ್ನಿಯನ್ನೋ ದೊಡ್ಡ ಡಬ್ಬಿಯಲ್ಲಿ ಒಯ್ದು ಎಲ್ಲರ ತಟ್ಟೆಗೂ ನಾನೇ ಬಡಿಸುತ್ತಿದ್ದೆ. ಕೊಡುತ್ತಿರುವವಳು ಏನು ತಿಂದಳು ಎಂದು ಯಾರೂ ಕಣ್ಣಿಡುತ್ತಿರಲಿಲ್ಲ.

ಓಣಂ ಸದ್ಯದ ದಿನಕ್ಕೂ ಅದೇ ಉಪಾಯ. ಮುಂಚಿತವಾಗಿ ಬಡಿಸುವವರ ಪಟ್ಟಿಗೆ ಹೆಸರು ಕೊಡಿ. ಅದರಲ್ಲಿಯೂ ಹುಣಿಸೆ ಶುಂಠಿಯ ಪುಳಿಯಿಂಜಿ, ಉಪ್ಪಿನಕಾಯಿಯಂಥದ್ದನ್ನು ಕೇಳಿ ಪಡೆಯಿರಿ. ಅದನ್ನು ಸಣ್ಣ ಚಮಚದಲ್ಲಿ ಪ್ರತಿ ಎಲೆಗೂ ಬಗ್ಗಿ ಹಾಕಬೇಕಾದ್ದರಿಂದ ಯಾರಿಗೂ ಬೇಡವಾದ ಕೆಲಸ, ನಿಮಗೆ ಸಂತೋಷದಿಂದ ಬಿಟ್ಟುಕೊಡುತ್ತಾರೆ. ಕೊನೆಯ ಪಂಕ್ತಿಗೆ ಯಾರಾದರೂ ಕೈ ಹಿಡಿದು ಎಳೆಯುತ್ತಾರೆ, ಅದಕ್ಕೆ ಮಾತ್ರ ಸಿದ್ಧವಾಗಿರಿ.


ಉತ್ತರ: ಮುಳ್ಳೇರಿಯದಿಂದ

ಎಲ್ಲರೂ ಅಡಗಿಸುವ ಬಗೆಯನ್ನೇ ಹೇಳುವುದಾದರೆ ಒಂದು ಮಾತು. ನಾನು ಮಂಡಲ ಕಾಲದಲ್ಲಿ ಶಬರಿಮಲೆಗೆ ಮಾಲೆ ಹಾಕುವವನು. 41 ದಿನ ಕಪ್ಪು ಬಟ್ಟೆ, ಬೆಳೆದ ಗಡ್ಡ, ಕೊರಳಲ್ಲಿ ಮಾಲೆ, ಅಡಗಿಸುವುದಕ್ಕೆ ಜಾಗವೇ ಇಲ್ಲ. ನಾನು ಬೀಡಿ ಬಿಟ್ಟದ್ದು ಆ ದಿನಗಳಲ್ಲಿ ಜನ ನೋಡುತ್ತಿದ್ದಾರೆ ಎಂಬ ಅಂಜಿಕೆಯಿಂದಲೇ. ಹೆಮ್ಮೆ ಬರುವುದಿಲ್ಲವೇ ಎಂದು ಕೇಳಬಹುದು. ಮಾಲೆ ಹಾಕಿದ ಎಲ್ಲರನ್ನೂ, ಬಸ್ಸಿನ ಕ್ಲೀನರನ್ನೂ ಬ್ಯಾಂಕಿನ ಮ್ಯಾನೇಜರನ್ನೂ, ಸ್ವಾಮಿ ಎಂಬ ಒಂದೇ ಹೆಸರಿನಿಂದ ಕರೆಯುವುದರಿಂದ ಅಲ್ಲಿ ಒಬ್ಬನ ಹೆಮ್ಮೆಗೆ ಹೆಚ್ಚು ಎಡೆ ಸಿಗುವುದಿಲ್ಲ. ನಿಮ್ಮ ವ್ರತ ಒಂಟಿ ವ್ರತ, ತೊಡಕು ಅಲ್ಲಿಂದಲೇ ಬಂದದ್ದು ಎಂದು ನನಗೆ ತೋರುತ್ತದೆ.


ಉತ್ತರ: ಬೇಳದವನು

ಮುಳ್ಳೇರಿಯದವರು ಹೇಳಿದ ಆ ವ್ಯತ್ಯಾಸವೇ ನಮ್ಮಲ್ಲಿಯೂ ಇದೆ, ಮತ್ತು ಪ್ರತಿವರ್ಷ ಒಂದು ದಿನ ಅದು ಹಣೆಯ ಮೇಲೆಯೇ ಬರುತ್ತದೆ. ನಾನು ಬೇಳದ ಶೋಕಮಾತೆಯ ಇಗರ್ಜಿಗೆ ಸೇರಿದವನು, 1890ರಿಂದ ಇರುವ ಇಗರ್ಜಿ ಅದು. ನಮ್ಮ ತಪಸ್ಸುಕಾಲ, ಅಂದರೆ ಈಸ್ಟರಿಗೆ ಮುಂಚಿನ ನಲವತ್ತು ದಿನ, ಆರಂಭವಾಗುವುದು ವಿಭೂತಿ ಬುಧವಾರದಂದು. ಹಿಂದಿನ ವರ್ಷದ ಗರಿಗಳ ಭಾನುವಾರದಲ್ಲಿ ಆಶೀರ್ವದಿಸಿದ ಗರಿಗಳನ್ನು ಸುಟ್ಟ ಬೂದಿಯಿಂದ ಗುರುಗಳು ಹಣೆಗೆ ಶಿಲುಬೆಯ ಗುರುತು ಹಾಕುತ್ತಾರೆ. ವಿಚಿತ್ರವೆಂದರೆ, ಅದೇ ಪೂಜೆಯಲ್ಲಿ ಓದುವುದು ಮತ್ತಾಯನ ಶುಭಸಂದೇಶದ 6ನೆಯ ಅಧ್ಯಾಯವನ್ನು: ಉಪವಾಸ ಮಾಡುವಾಗ ಕಪಟಿಗಳ ಹಾಗೆ ಮುಖ ಬಾಡಿಸಿಕೊಳ್ಳಬೇಡಿ, ತಲೆಗೆ ಎಣ್ಣೆ ಹಚ್ಚಿ ಮುಖ ತೊಳೆದುಕೊಳ್ಳಿ, ನೀವು ಉಪವಾಸವಿರುವುದು ಜನರಿಗೆ ಕಾಣದೆ ಗುಪ್ತದಲ್ಲಿರುವ ತಂದೆಗೆ ಮಾತ್ರ ಕಾಣಲಿ, ಎಂದು. ಮುಖ ತೊಳೆಯಿರಿ ಎಂಬ ಮಾತು ಕೇಳಿ, ಹಣೆಗೆ ಬೂದಿ ಹಚ್ಚಿಸಿಕೊಂಡು, ಹಾಗೆಯೇ ಬಸ್ಸು ಹತ್ತುತ್ತೇವೆ. ಚಿಕ್ಕಂದಿನಲ್ಲಿ ಇದು ನನಗೆ ಅರ್ಥವೇ ಆಗುತ್ತಿರಲಿಲ್ಲ.

ಈಗ ನಾನು ಅದನ್ನು ಹೀಗೆ ಬಿಡಿಸಿಕೊಂಡಿದ್ದೇನೆ. ಬೂದಿ ನನ್ನೊಬ್ಬನದಲ್ಲ, ಸಾಲಿನಲ್ಲಿ ನಿಂತವರೆಲ್ಲರ ಹಣೆಯ ಮೇಲೂ ಇರುವಂಥದ್ದು. ಧರ್ಮಸಭೆಯ ಕಟ್ಟಳೆಯಾಗಿ ಬಂದ ಉಪವಾಸವೂ ಹಾಗೆಯೇ. 18ರಿಂದ 59 ವರ್ಷದವರೆಗಿನವರಿಗೆ ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರ ಎರಡು ದಿನ ಒಂದೇ ಹೊತ್ತಿನ ಪೂರ್ತಿ ಊಟ, ತಪಸ್ಸುಕಾಲದ ಶುಕ್ರವಾರಗಳಲ್ಲಿ ಮಾಂಸವಿಲ್ಲ. ಅದನ್ನು ಯಾರು ಕೇಳಿದರೂ ಸಂಕೋಚವಿಲ್ಲದೆ ಹೇಳುತ್ತೇನೆ. ಆದರೆ ಅದರ ಮೇಲೆ ನಾನೇ ಹಾಕಿಕೊಂಡ ನೇಮವಿದೆ: ಆ ನಲವತ್ತು ದಿನ ಮೀನು ತಿನ್ನುವುದಿಲ್ಲ. ಸಭೆ ಅದನ್ನು ಕೇಳಿಲ್ಲ. ಮೀನಿಲ್ಲದ ನಲವತ್ತು ದಿನ ಎಂದರೆ ಏನೆಂದು ಕರಾವಳಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆ ನೇಮವನ್ನು ನಾನು ಯಾರಿಗೂ ಹೇಳುವುದಿಲ್ಲ.

ಎರಡು ವರ್ಷದ ಹಿಂದೆ ನನ್ನ ಜೊತೆ ವಯರಿಂಗ್ ಕೆಲಸ ಮಾಡುವ ಹುಡುಗನ ಮನೆಗೆ ಒಂದು ಮಧ್ಯಾಹ್ನ ಹೋಗಬೇಕಾಯಿತು. ಅವನ ತಾಯಿ ನಾನು ಬರುತ್ತೇನೆಂದು ತಿಳಿದು ಬೆಳಿಗ್ಗೆಯೇ ಬಂಗುಡೆ ತರಿಸಿ ಪುಳಿಮುಂಚಿ ಮಾಡಿದ್ದರು. ಕುಚ್ಚಲಕ್ಕಿ ಗಂಜಿಯ ಬಟ್ಟಲಿನ ಪಕ್ಕದಲ್ಲಿ ಇಡೀ ಎರಡು ಬಂಗುಡೆ, ತಲೆಸಹಿತ. ಮನೆಯಲ್ಲಿ ಉಳಿದವರ ತಟ್ಟೆಯಲ್ಲಿ ಅರ್ಧರ್ಧ ಇತ್ತು. ನಾನು ತಿಂದೆ, ಚೆನ್ನಾಗಿದೆ ಎಂದೂ ಹೇಳಿದೆ, ಅದು ಸುಳ್ಳೂ ಆಗಿರಲಿಲ್ಲ. ನಮ್ಮಲ್ಲಿ ಭಾನುವಾರಗಳು ಆ ನಲವತ್ತರ ಲೆಕ್ಕಕ್ಕೆ ಸೇರುವುದಿಲ್ಲ. ಮನೆಯವರೆಲ್ಲ ಮೀನು ತಿನ್ನುವ ಮುಂದಿನ ಭಾನುವಾರ ನಾನು ಮೀನು ಬಿಟ್ಟು ಲೆಕ್ಕ ಸರಿಮಾಡಿಕೊಂಡೆ. ಹೀಗೆ ಅದಲುಬದಲು ಮಾಡಿದ್ದು ಸರಿಯೇ ಎಂದು ಗುರುಗಳನ್ನು ಕೇಳಲು ಹೋಗಲಿಲ್ಲ.

ಏಕಾದಶಿಯನ್ನು ಹೀಗೆ ದಾಟಿಸಬಹುದೆಂದು ನಾನು ಹೇಳುವವನಲ್ಲ, ಅದರ ಶಿಸ್ತು ನನಗೆ ತಿಳಿಯದು. ನೀವೇ ಹಾಕಿಕೊಂಡ ಗಂಟು ಎಲ್ಲಿ, ಕಟ್ಟಳೆಯ ಗಂಟು ಎಲ್ಲಿ ಎಂದು ಒಮ್ಮೆ ನೋಡಿಕೊಂಡರೆ ಯಾವುದನ್ನು ಹೇಳಬೇಕು, ಯಾವುದನ್ನು ಬಿಡಬೇಕು ಎಂಬುದು ಸ್ವಲ್ಪ ಸಲೀಸಾಗುತ್ತದೆ ಎಂದಷ್ಟೇ ನನ್ನ ಅನುಭವ.


ಉತ್ತರ: ಉಪ್ಪಳದ ಓದುಗ

ನಾನು ಇನ್ನೊಂದು ಬದಿಯಿಂದ ಹೇಳಬೇಕೆಂದಿದ್ದೇನೆ. ಆರು ವರ್ಷ ಉಪ್ಪಳದಿಂದ ಮಂಗಳೂರಿಗೆ ಒಂದೇ ಲೋಕಲ್ ರೈಲಿನಲ್ಲಿ ನನ್ನೊಡನೆ ಬರುತ್ತಿದ್ದ ಹಿರಿಯರೊಬ್ಬರಿದ್ದರು, ಅಣ್ಣ ಎಂದೇ ಕರೆಯುತ್ತಿದ್ದೆ. ಸಂಜೆ ಮರಳುವಾಗ ನಾನು ಎಣ್ಣೆಯಲ್ಲಿ ಕರಿದ ಬಾಳೆಹಣ್ಣಿನ ಎರಡು ಪಳಂಪೊರಿ ಕೊಳ್ಳುತ್ತಿದ್ದೆ, ಒಂದು ಅವರಿಗೆ. ಹೆಚ್ಚಿನ ದಿನ ತಿನ್ನುತ್ತಿದ್ದರು, ಕೆಲವು ದಿನ "ಆಮೇಲೆ ತಿನ್ನುತ್ತೇನೆ" ಎಂದು ಕಾಗದದಲ್ಲಿ ಸುತ್ತಿ ಚೀಲಕ್ಕೆ ಹಾಕುತ್ತಿದ್ದರು. ಅವರ ಮಗನ ಮುಂಜಿಯ ಊಟಕ್ಕೆ ಹೋದಾಗ ಅವರ ತಮ್ಮನ ಬಾಯಿಯಿಂದ ತಿಳಿಯಿತು, ಆ ದಿನಗಳೆಲ್ಲ ಏಕಾದಶಿ, ಬೆಳಗಿನಿಂದ ನೀರು ಬಿಟ್ಟು ಬೇರೇನೂ ಇಲ್ಲ ಎಂದು. ರಂಜಾನ್ ತಿಂಗಳಲ್ಲಿ ಆ ಅಣ್ಣ ನನ್ನೆದುರು ನೀರನ್ನೂ ಕುಡಿದವರಲ್ಲ, ಬಾಟಲಿ ಹಿಡಿದುಕೊಂಡು ಬಾಗಿಲ ಬಳಿಗೆ ಹೋಗುತ್ತಿದ್ದರು. ನಾನು ಮಾತ್ರ ಆರು ವರ್ಷ ಅವರ ಉಪವಾಸದ ಮುಂದೆ ಕೂತು ಎಣ್ಣೆ ಕೈ ಒರೆಸಿಕೊಳ್ಳುತ್ತ ಪಳಂಪೊರಿ ತಿಂದೆ. ಅವರದ್ದು ದೊಡ್ಡ ಗುಣ ಎಂದು ಎಲ್ಲರೂ ಹೇಳಿದರು. ನನಗೆ ಸ್ವಲ್ಪ ಸಿಟ್ಟು ಬಂದಿತ್ತು, ಈಗಲೂ ಪೂರ್ತಿ ಹೋಗಿಲ್ಲ.

ನಮ್ಮಲ್ಲಿ ರಂಜಾನಿನ ಉಪವಾಸ ಎಲ್ಲರಿಗೂ ಗೊತ್ತಿರುವಂಥದ್ದು. ಸೋಮವಾರ, ಗುರುವಾರಗಳ, ಕಡ್ಡಾಯವಲ್ಲದ ಸುನ್ನತ್ ಉಪವಾಸ ಹಾಗಲ್ಲ, ಅದನ್ನು ಹೇಳಿಕೊಂಡು ತಿರುಗಿದರೆ ರಿಯಾ, ಅಂದರೆ ತೋರಿಕೆಯ ದೋಷ ಬರುತ್ತದೆ. ಉಪವಾಸ ನನಗಾಗಿ ಇರುವಂಥದ್ದು, ಅದರ ಪ್ರತಿಫಲ ನಾನೇ ಕೊಡುತ್ತೇನೆ ಎಂದು ಅಲ್ಲಾಹನ ಮಾತಾಗಿ ಪ್ರವಾದಿಯವರ ನುಡಿಗಳಾದ ಹದೀಸಿನಲ್ಲಿದೆ. ಬೇರೆ ಆರಾಧನೆಗಳ ಹಾಗೆ ಅದು ಕಣ್ಣಿಗೆ ಬೀಳದು ಎಂಬುದನ್ನು ಅದರ ಒಂದು ಕಾರಣವಾಗಿ ವಿದ್ವಾಂಸರು ವಿವರಿಸುತ್ತಾರೆ. ಆದರೆ ಮುಚ್ಚಿಡಲು ಊಟದ ಕರೆಯಿಂದ ತಪ್ಪಿಸಿಕೊಳ್ಳಬೇಕೆಂದಿಲ್ಲ. ಕರೆದರೆ ಹೋಗಬೇಕು, ಉಪವಾಸವಿದ್ದರೆ ಕರೆದವರಿಗಾಗಿ ಪ್ರಾರ್ಥಿಸಬೇಕು. ನಾನು ಉಪವಾಸವಿದ್ದೇನೆ ಎಂದು ಕರೆದವರಿಗೆ ಹೇಳುವುದಕ್ಕೂ ಹದೀಸಿನಲ್ಲಿಯೇ ಅನುಮತಿಯಿದೆ. ನಮ್ಮ ಕಡೆ ಅನುಸರಿಸುವ ಶಾಫಿ ಮದ್ಹಬಿನಲ್ಲಿ, ಅಂದರೆ ಧರ್ಮಶಾಸ್ತ್ರದ ಪಂಥದಲ್ಲಿ, ಕರೆದವರ ಮನಸ್ಸು ನೋಯುವುದಾದರೆ ಐಚ್ಛಿಕ ಉಪವಾಸವನ್ನು ಬಿಟ್ಟು ಊಟ ಮಾಡುವುದೇ ಉತ್ತಮ ಎಂದಿದೆ. ಬೇಳದವರ ಬಂಗುಡೆಯ ಕಥೆ ಓದಿದಾಗ ಅದು ನೆನಪಾಯಿತು.

ಪೆರ್ಲದ ಟೀಚರ್ ಹೇಳಿದ ಉಪಾಯಗಳು ಚೆನ್ನಾಗಿವೆ. ಆದರೂ ಆ ಜೀರಿಗೆ ನೀರು ಕಾಸಿದ ಟೀಚರಿಗೆ ಮಾತ್ರ ನೀವು ನಿಜ ಹೇಳಬೇಕು ಮಾಷ್ಟ್ರೇ. ಸಭೆಯಲ್ಲಿ ಹೇಳಬೇಡಿ, ಅವರೊಬ್ಬರಿಗೆ ಹೇಳಿ. ಮುಂದೆ ಎಂದಾದರೂ ಬೇರೆಯವರ ಬಾಯಿಯಿಂದ ಅವರಿಗೆ ತಿಳಿದರೆ ನನಗಾದದ್ದೇ ಅವರಿಗೂ ಆಗುತ್ತದೆ.


ಮರುಉತ್ತರ: ಪೆರ್ಲದ ನಿವೃತ್ತ ಟೀಚರ್

ಉಪ್ಪಳದ ತಮ್ಮ ಹೇಳಿದ್ದು ಸರಿ. ನಾನು ಬಡಿಸುವುದನ್ನು ಹೇಳಿಕೊಟ್ಟೆ, ಬಡಿಸಿಕೊಂಡವರ ಕಡೆಯಿಂದ ಯೋಚಿಸಿರಲಿಲ್ಲ. ಹೇಳುವಾಗ ವ್ರತದ ಮಹಿಮೆ, ಫಲಶ್ರುತಿ ಎಂದು ಬೆಳೆಸಬೇಡಿ ಮಾಷ್ಟ್ರೇ, ಅವತ್ತು ಹೇಳಿದ್ದು ಸುಳ್ಳು ಎಂದು ಮೊದಲು ಒಪ್ಪಿಕೊಳ್ಳಿ.


ಮರುಉತ್ತರ: ಕುಂಬಳೆ ಮಾಷ್ಟ್ರು

ಓಣಂ ಸದ್ಯ ಮುಗಿಯಿತು. ಎಲ್ಲರಿಗೂ ಕೃತಜ್ಞತೆಗಳು. ಪುಳಿಯಿಂಜಿ ನನ್ನ ಪಾಲಿಗೇ ಬಂತು. ಮಕ್ಕಳ ಪಂಕ್ತಿಗಳು ಸೇರಿ ಏಳು ಸುತ್ತು ಬಗ್ಗಿ ಬಡಿಸಿದ್ದರಿಂದ ಸೊಂಟ ಇನ್ನೂ ನೋಯುತ್ತಿದೆ. ಒಂದು ಗಂಟೆಯ ಹೊತ್ತಿಗೆ ಅವಿಯಲಿನ ತೆಂಗಿನೆಣ್ಣೆಯ ಪರಿಮಳಕ್ಕೆ ತಲೆ ಸುತ್ತಿದಂತಾದದ್ದು ನಿಜ. ಕೊನೆಯ ಪಂಕ್ತಿಯಲ್ಲಿ ಪಿ.ಟಿ. ಮಾಷ್ ಕೈ ಹಿಡಿದು ಎಳೆದಾಗ, "ಇವತ್ತು ಬೇಡ, ಒಂದು ಲೋಟ ಬಿಸಿನೀರು ಕೊಡಿ" ಎಂದೆ. ಅವರು ನೀರು ತಂದುಕೊಟ್ಟರು, ಅವರ ಎಲೆಯ ಪಕ್ಕದ ಬೆಂಚಿನಲ್ಲಿ ಕೂತು ಕುಡಿದೆ. ಅವರು ಶಾಲಾ ಕ್ರೀಡಾಕೂಟದ ಮಾತು ಎತ್ತಿದರು, ಯಾಕೆ ಎಂದು ಕೇಳಲೇ ಇಲ್ಲ. ಮೂರು ವರ್ಷದಿಂದ ನಾನು ಹೆದರುತ್ತಿದ್ದದ್ದು ಇಷ್ಟಕ್ಕೇ ಎಂದು ಸ್ವಲ್ಪ ಪೆಚ್ಚಾಯಿತು.

ಮಲಯಾಳಂ ಟೀಚರಲ್ಲಿ ಮಾತಾಡಲು ಅವಕಾಶ ಸಿಕ್ಕಿದ್ದು ಎಲ್ಲ ಮುಗಿದು ಪಾತ್ರೆ ತೊಳೆಯುವ ಹೊತ್ತಿಗೆ. ಅವತ್ತು ಹೊಟ್ಟೆ ಸರಿಯಿಲ್ಲ ಎಂದದ್ದು ಸುಳ್ಳು, ಏಕಾದಶಿಯಾಗಿತ್ತು, ಇವತ್ತೂ ಏಕಾದಶಿ, ಎಂದು ಹೇಳಿದೆ. ಅವರು ಚೆಂಬು ಉಜ್ಜುವುದನ್ನು ನಿಲ್ಲಿಸದೆಯೇ, "ಗೊತ್ತಿತ್ತು ಮಾಷೇ. ಹದಿನೈದು ದಿನಕ್ಕೊಮ್ಮೆ ಲೆಕ್ಕ ತಪ್ಪದೆ ಕೆಡುವ ಹೊಟ್ಟೆಯನ್ನು ನಾನು ಬೇರೆಲ್ಲಿಯೂ ಕಂಡಿಲ್ಲ" ಎಂದರು. ಹಾಗಾದರೆ ಜೀರಿಗೆ ನೀರು ಯಾಕೆ ತಂದಿರಿ ಎಂದು ಕೇಳಿದೆ. ಉಪವಾಸದ ಹೊಟ್ಟೆಗೆ ಬಿಸಿಯಾಗಿ ಏನಾದರೂ ಇಳಿಯಲಿ ಎಂದು ತಂದದ್ದಂತೆ, ಮರುದಿನ ಗೇಟಿನಲ್ಲಿ ಕೇಳಿದ್ದು ಉಪವಾಸ ಮುಗಿಸುವ ಪಾರಣೆ ಆಯಿತೋ ಎಂಬ ಅರ್ಥದಲ್ಲಂತೆ. ಜೀರಿಗೆ ಹಾಕಿದ ನೀರು ನನ್ನ ಲೆಕ್ಕದಲ್ಲಿ ಉಪವಾಸಕ್ಕೆ ಸಲ್ಲುತ್ತದೆಯೋ ಇಲ್ಲವೋ ಎಂಬ ಪ್ರಶ್ನೆಯನ್ನು ನಾನು ಅಲ್ಲಿ ಎತ್ತಲಿಲ್ಲ.

ಹೊರಡುವಾಗ ನನ್ನ ಸ್ಕೂಟರಿನ ಕೊಕ್ಕೆಯಲ್ಲಿ ಒಂದು ಪೊಟ್ಟಣ ನೇತಾಡುತ್ತಿತ್ತು. ನೇಂದ್ರ ಬಾಳೆಕಾಯಿಯ ಚಿಪ್ಸಾದ ಉಪ್ಪೇರಿ, ಜೊತೆಗೆ ಬೆಲ್ಲದ ಶರ್ಕರ ಉಪ್ಪೇರಿ, ಮೇಲೆ ಮಲಯಾಳ ಅಕ್ಷರದಲ್ಲಿ "ನಾಳೆ ಬೆಳಿಗ್ಗೆಗೆ" ಎಂದು ಬರೆದಿತ್ತು. ಎರಡರಲ್ಲಿಯೂ ಹಾಲಿಲ್ಲ.